ಭಾವನ ಅರ್ಥಿಂಗು

ಟಿವಿ ಹಿಂದಿನ ಗೋಡೆಗೆ ನಾನೇ ಕೂತು ಅಂಟಿಸಿದ ಎಲ್‌ಇಡಿ ಸ್ಟ್ರಿಪ್ಪು ವಾರವಿಡೀ ಕಣ್ಣು ಹೊಡೆಯಿತು. ಬಂದವರಿಗೆಲ್ಲ ಹೊಡೆಯಿತು, ದೊಡ್ಡವರು ಚಿಕ್ಕವರು ಅಂತಿಲ್ಲ.

ಡಿಮ್ಮರಿನ ಗುಂಡಿ ಅರ್ಧಕ್ಕಿದ್ದರೆ ಪರಮ ಸಾಧು. ಪೂರ್ತಿ ತಿರುಗಿಸಿದರೆ ಪಟ್ ಪಟ್ ಶುರು. ಡಿಮ್ಮರಿನ ಕಸುಬೂ ಅದೇ ಅನ್ನಿ. ಸೆಕೆಂಡಿಗೆ ನೂರಾರು ಸಲ ದೀಪ ಆರಿಸಿ ಹಚ್ಚಿ, ಬೆಳಕೇ ಮಂದವಾಗಿದೆ ಅಂತ ನಮ್ಮನ್ನು ನಂಬಿಸುತ್ತದೆ. ಮೊಬೈಲ್ ಕ್ಯಾಮೆರಾ ಹಿಡಿದರೆ ಪಟ್ಟೆಪಟ್ಟೆಯಾಗಿ ಕಳ್ಳಾಟ ಬಯಲು. ಆದರೆ ಗುಂಡಿ ಪೂರ್ತಿ ತಿರುಗಿದಾಗ ಅದಕ್ಕೆ ಕೆಲಸವೇ ಇಲ್ಲ. ಮತ್ತೆ ಈ ಪಟ್ ಪಟ್ ಯಾರದ್ದು?

"ಅರ್ಥಿಂಗ್" ಅಂದರು ಭಾವ.

ಅವರಿಗೆ ಎಲ್ಲವೂ ಅರ್ಥಿಂಗೇ. ಮಿಕ್ಸಿ ಕಿರುಚಿದರೆ ಅರ್ಥಿಂಗ್, ವೈಫೈ ತೆವಳಿದರೆ ಅರ್ಥಿಂಗ್. ಹೋದ ಯುಗಾದಿಗೆ ಹೋಳಿಗೆ ಹರಿದದ್ದಕ್ಕೂ ಇಂಡಕ್ಷನ್ ಒಲೆಯ ಅರ್ಥಿಂಗ್ ಕಡೆ ಬೆರಳು ತೋರಿಸಿದ ಮಹಾನುಭಾವರು. ಮದುವೆಮನೆಗೂ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರ್ ಸಿಕ್ಕಿಸಿಕೊಂಡೇ ಬರುತ್ತಾರೆ. ಜ್ವರ ನೋಡುವವರಂತೆ ಗೋಡೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಭಾವ, ಸ್ಟ್ರಿಪ್ಪಿಗೆ ಕರೆಂಟು ಕೊಡೋ ಈ ಅಡಾಪ್ಟರಿಗೆ ಇರೋದೇ ಎರಡು ಪಿನ್ನು. ಅರ್ಥ್ ಪಿನ್ನೇ ಇಲ್ಲ."

"ಅದನ್ನೇ ಹೇಳ್ತಿರೋದು! ಅರ್ಥಿಂಗೇ ಇಲ್ಲ ನೋಡು!"

ಇದಕ್ಕೇನು ಉತ್ತರ? ಪಂಚೆ ಎತ್ತಿ ಕಟ್ಟಿ, ಸಂಪಿನ ಪಕ್ಕ ಮನೆಯ ಅರ್ಥ್ ತಂತಿ ನೆಲಕ್ಕಿಳಿಯುವ ಅರ್ಥ್ ಗುಂಡಿಗೆ ಬಕೆಟ್ ನೀರು ಸುರಿದರು. ಅದೇ ಹೊತ್ತಿಗೆ ಒಳಗೆ ಮಗ, ಕಾರ್ಟೂನಿಗೆ ಕಣ್ಣು ಕುಕ್ಕುತ್ತದೆಂದು ಡಿಮ್ಮರ್ ಇಳಿಸಿದ್ದ. ದೀಪ ತೆಪ್ಪಗಾಯಿತು. ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತ ಭಾವನ ಮುಖ ನೋಡಬೇಕಿತ್ತು. ಅಮ್ಮ ಅವರಿಗೊಬ್ಬರಿಗೇ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಅಜ್ಜಿ ಮನೆಯಲ್ಲಿ 40 ವ್ಯಾಟಿನ ಒಂದು ಬುರುಡೆ ಬಲ್ಬಿತ್ತು. ಅದರ ತಂತಿ ಕಾದದ್ದು ತಣಿಯುವಷ್ಟರಲ್ಲಿ ಕರೆಂಟಿನ ಮುಂದಿನ ಅಲೆ ಬಂದು ಮುಟ್ಟುತ್ತಿತ್ತು, ಮಿಣುಕು ಕಣ್ಣಿಗೇ ಬೀಳುತ್ತಿರಲಿಲ್ಲ. ಸಂಜೆ ವೋಲ್ಟೇಜ್ ಬಿದ್ದರೆ ಕೆಂಪಗೆ ಕೂತುಬಿಡುತ್ತಿತ್ತು. ಅಷ್ಟರಲ್ಲೇ ಮಗ್ಗಿ, ಊಟ, ಜಗಳ ಎಲ್ಲ ಮುಗಿಯುತ್ತಿತ್ತು. ಬಲ್ಬಿಗೆ ಏನಾಗಿದೆ ಅಂತ ಯಾರೂ ಕೇಳಿದ ನೆನಪಿಲ್ಲ.

ಭಾವ ಹೋದ ಮೇಲೆ ಮಲ್ಟಿಮೀಟರ್ ತೆಗೆದೆ. ಸ್ಟ್ರಿಪ್ಪು ಮೀಟರಿಗೆ 14.4 ವ್ಯಾಟ್, ಉದ್ದ 3 ಮೀಟರ್. 12 ವೋಲ್ಟಿಗೆ ಮೂರೂವರೆ ಆಂಪ್ ಚಿಲ್ಲರೆ ಎಳೆಯುತ್ತದೆ. ಅಡಾಪ್ಟರಿನ ಮೈಮೇಲೆ 5 ಆಂಪ್ ಅಂತ ದಪ್ಪಕ್ಷರ. ಆದರೆ ಗುಂಡಿ ಪೂರ್ತಿ ತಿರುಗಿಸಿದ ಕೂಡಲೇ ವೋಲ್ಟೇಜ್ ಕುಸಿದು, ಭಾರ ತಾಳದೆ ತನ್ನನ್ನೇ ಆಫ್ ಮಾಡಿಕೊಂಡು, ಉಸಿರು ತಗೊಂಡು ಮತ್ತೆ ಏಳುತ್ತಿತ್ತು ಪುಣ್ಯಾತ್ಮ. 5 ಇದ್ದದ್ದು ಸ್ಟಿಕ್ಕರಿನಲ್ಲಿ ಮಾತ್ರ! ಬಿಲ್ಲು ಕೇಳಿದರೆ ಅಂಗಡಿಯವನು ನಕ್ಕಿದ್ದು ಯಾಕೆಂದು ಈಗ ಗೊತ್ತಾಯಿತು. ಅಡಾಪ್ಟರಿನ ಜಾಗಕ್ಕೆ ತಗಡಿನ ಪೆಟ್ಟಿಗೆಯ ಗಟ್ಟಿ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ತಂದು ಹಾಕಿದೆ. ಮಿಣುಕು ಮಾಯ.

ಯಾರಿಗೆ ಹೇಳಲಿ? ಭಾವ ಆಗಲೇ ಫ್ಯಾಮಿಲಿ ಗ್ರೂಪಿನಲ್ಲಿ ಬಕೆಟ್ಟಿನ ಫೋಟೊ ಹಾಕಿಯಾಗಿದೆ. ಅಮ್ಮ ಈಗ ಶುಕ್ರವಾರ ತುಳಸಿಗೆ ನೀರು ಹಾಕಿ, ಉಳಿದದ್ದನ್ನು ತಪ್ಪದೆ ಅರ್ಥ್ ಗುಂಡಿಗೂ ಹಾಕುತ್ತಾಳೆ. ಅರಿಶಿನ ಕುಂಕುಮ ಒಂದು ಬಾಕಿ.