ಮೆಟ್ಟಿಲು ಡೊಂಕು, ಬೋರ್ಡು ನೆಟ್ಟಗೆ

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆಯನ್ನು ಕಟ್ಟಡಗಳ ನಿರ್ವಹಣಾ ಸಮಿತಿಗಳಷ್ಟು ಭಕ್ತಿಯಿಂದ ನಂಬಿದವರು ಇನ್ನೊಬ್ಬರಿಲ್ಲ. ಯಾರಾದರೂ ಮೆಟ್ಟಿಲಿನಿಂದ ಉರುಳಿದರೆ ಸಾಕು, ವಿಚಾರಣೆ ಬಿದ್ದವರಿಂದಲೇ ಶುರು. ಕೈಯಲ್ಲಿ ಮೊಬೈಲ್ ಇತ್ತೇ? ಚಪ್ಪಲಿ ಸವೆದಿತ್ತೇ? ಅಷ್ಟೊಂದು ಅವಸರ ಏನಿತ್ತು? ವಯಸ್ಸೆಷ್ಟು? ಮೆಟ್ಟಿಲಿನ ಎತ್ತರ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೊನೆಗೆ ಸಭೆ ಸೇರಿ, ದೀರ್ಘವಾಗಿ ಮರುಗಿ, ಒಮ್ಮತದ ನಿರ್ಣಯ ಹೊರಬೀಳುತ್ತದೆ: ಒಂದು ಬೋರ್ಡು ಹಾಕಿಸೋಣ. ‘ಮೆಟ್ಟಿಲು ಇದೆ, ಎಚ್ಚರಿಕೆ.’

ಈ ಬೋರ್ಡನ್ನು ಹಾಕುವುದು ಕಣ್ಣಿನ ಮಟ್ಟಕ್ಕೆ. ಇಳಿಯುವವನ ದೃಷ್ಟಿ ಮೊದಲ ಮೆಟ್ಟಿಲಿನ ಅಂಚಿನ ಮೇಲೆ ಇರಬೇಕಾದ ಆ ಅರೆಗಳಿಗೆಯಲ್ಲೇ ಅವನು ತಲೆಯೆತ್ತಿ ಓದುತ್ತಾನೆ. ‘ಎಚ್ಚರಿಕೆ’ಯ ಕೊನೆಯ ಅಕ್ಷರ ಮುಗಿಯುವಷ್ಟರಲ್ಲಿ ಕಾಲು ಎಚ್ಚರ ತಪ್ಪಿರುತ್ತದೆ. ಇನ್ನೊಂದು ವಿಶೇಷ: ‘ಇಲ್ಲಿ ಜನ ಬೀಳುತ್ತಾರೆಂದು ನಮಗೆ ಚೆನ್ನಾಗಿ ಗೊತ್ತು’ ಎಂಬ ತಪ್ಪೊಪ್ಪಿಗೆಯನ್ನು ಕೆಂಪಕ್ಷರದಲ್ಲಿ ಬರೆಸಿ, ತಾವೇ ದುಡ್ಡು ಕೊಟ್ಟು ಗೋಡೆಗೆ ತೂಗುಹಾಕುವ ಆರೋಪಿಗಳು ಬೇರೆಲ್ಲೂ ಸಿಗುವುದಿಲ್ಲ.

ಕಾಲಿನ ಸ್ವಭಾವ ಸಮಿತಿಗೆ ಗೊತ್ತಿಲ್ಲ, ಗಾರೆಯವನಿಗೂ ಗೊತ್ತಿಲ್ಲ. ಕಾಲಿಗೆ ಮಾತ್ರ ಗೊತ್ತು. ನಾವು ನೋಡಿ ಇಡುವುದು ಮೊದಲ ಎರಡು ಮೂರು ಹೆಜ್ಜೆ. ಆಮೇಲೆ ಕಾಲೇ ಲೆಕ್ಕ ಕಂಠಪಾಠ ಮಾಡಿಕೊಂಡು, ಕಣ್ಣಿಗೆ ರಜೆ ಕೊಟ್ಟು ನಡೆಯುತ್ತದೆ. ಪಾದ ಮೆಟ್ಟಿಲಿನ ಅಂಚನ್ನು ದಾಟುವುದು ತೀರ ಸಣ್ಣ ಅಂತರದಲ್ಲಿ. ಆದ್ದರಿಂದಲೇ ಅಕ್ಕಪಕ್ಕದ ಎರಡು ಮೆಟ್ಟಿಲುಗಳ ಎತ್ತರದಲ್ಲಿ 5 ಮಿ.ಮೀ.ಗಿಂತ, ಇಡೀ ಸಾಲಿನಲ್ಲಿ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಕೂಡದು ಎನ್ನುವುದು. ಎಲ್ಲವೂ ಸ್ವಲ್ಪ ಎತ್ತರವೇ ಇದ್ದರೆ ಮಂಡಿ ಬೈದುಕೊಂಡು ಹತ್ತುತ್ತದೆ. ಒಂದೇ ಒಂದು ಬೇರೆಯಾಗಿದ್ದರೆ ಮೂಳೆ ಮುರಿಯುತ್ತದೆ.

ಆ ಒಂದು ಹೇಗೆ ಹುಟ್ಟುತ್ತದೆ ಅನ್ನುವುದು ರಮ್ಯ ಕಥೆ. ನೆಲದಿಂದ ನೆಲಕ್ಕೆ 3000 ಮಿ.ಮೀ. ಎತ್ತರ, 18 ಏರುಗಳು (ಒಂದು ಮೆಟ್ಟಿಲಿನಿಂದ ಮುಂದಿನದಕ್ಕಿರುವ ಎತ್ತರವೇ ಏರು) ಅಂತಿಟ್ಟುಕೊಳ್ಳಿ. ಭಾಗಿಸಿದರೆ ತಲಾ 166.7. ಒಂದು ಉದ್ದನೆಯ ಪಟ್ಟಿಯ ಮೇಲೆ ಪೂರ್ತಿ ಎತ್ತರವನ್ನು ಸಮವಾಗಿ ಗುರುತು ಹಾಕಿಕೊಂಡು ಗೋಡೆಗೆ ಇಳಿಸಿದರೆ ಮುಗಿಯಿತು. ಆದರೆ ದಶಮಾಂಶ ಕಂಡರೆ ಕೆಲಸ ನಿಲ್ಲುತ್ತದೆ. ದುಂಡಾಗಿ 165 ಎಂದು ಹಿಡಿದು 17 ಏರು ಮುಗಿಸುತ್ತಾರೆ. 2805 ಆಯಿತು. ಉಳಿದ 195 ಪೂರ್ತಿ ಕೊನೆಯದರ ತಲೆಗೆ! ಋಣಶೇಷ, ಅಗ್ನಿಶೇಷ, ಶತ್ರುಶೇಷ ಉಳಿಸಬಾರದೆಂದು ಹಿರಿಯರು ಎಚ್ಚರಿಸಿದ್ದರು. ಮೆಟ್ಟಿಲುಶೇಷದ ಬಗ್ಗೆ ಅವರು ಏನೂ ಹೇಳದೆ ಹೋದದ್ದೇ ತಪ್ಪಾಯಿತು.

ಕಾಂಕ್ರೀಟು ಹಾಕಿದವನು ಪುಣ್ಯಾತ್ಮ, ಎಲ್ಲವನ್ನೂ ಸಮವಾಗಿ 160ಕ್ಕೆ ಎರೆದ ಎನ್ನೋಣ. ಆಗಲೂ ನಿರಾಶರಾಗಬೇಕಿಲ್ಲ, ಕಲ್ಲು ಹಾಸುವವನು ಇನ್ನೂ ಬರಬೇಕಿದೆ. ಅವನು ಮೆಟ್ಟಿಲಿಗೆ ಗಾರೆ, ಕಲ್ಲು ಸೇರಿ 35 ಮಿ.ಮೀ. ಏರಿಸುತ್ತಾನೆ, ಕೆಳಗಿನ ನೆಲಕ್ಕೂ ಮೇಲಿನ ನೆಲಕ್ಕೂ 60. ಈಗ ಕೆಳಗಿನ ಏರು 135ಕ್ಕೆ ಕುಗ್ಗಿತು, ಮೇಲಿನದು 185ಕ್ಕೆ ಹಿಗ್ಗಿತು, ನಡುವಿನವೆಲ್ಲ ಸದ್ಗೃಹಸ್ಥರಂತೆ 160ರಲ್ಲೇ ಉಳಿದವು. ಜನ ಹೆಚ್ಚಾಗಿ ಎಡವುವುದು ಸಾಲಿನ ಎರಡು ತುದಿಗಳಲ್ಲಿ. ತಪ್ಪೂ ಹುಡುಕಿಕೊಂಡು ಹೋಗಿ ಅಲ್ಲೇ ಕೂತಿದೆ. ನೆಲಹಾಸು ಎಷ್ಟು ದಪ್ಪವೆಂದು ಕಾಂಕ್ರೀಟು ಹಾಕುವ ಮೊದಲೇ ತೀರ್ಮಾನಿಸಿದ್ದರೆ ಸಾಕಿತ್ತು. ಆದರೆ ಕಲ್ಲಿನ ಬಣ್ಣದ ಬಗ್ಗೆಯೇ ಆಗ ಇನ್ನೂ ಜಗಳ ಮುಗಿದಿರುವುದಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 36ನೇ ಬೀದಿಯ ಸುರಂಗ ರೈಲು ನಿಲ್ದಾಣದ ಒಂದು ಮೆಟ್ಟಿಲು ಉಳಿದವಕ್ಕಿಂತ ಅರ್ಧ ಇಂಚಿನಷ್ಟು ಎತ್ತರವಿತ್ತು. 2012ರಲ್ಲಿ ಒಬ್ಬರು ಕ್ಯಾಮೆರಾ ಇಟ್ಟು ಕಾದರು. ಒಬ್ಬರಾದ ಮೇಲೊಬ್ಬರು ಅದೇ ಮೆಟ್ಟಿಲಿಗೆ ಎಡವಿದರು. ವಿಡಿಯೊ ಲೋಕವೆಲ್ಲ ಸುತ್ತಿದ ಬೆನ್ನಲ್ಲೇ ಆ ದಾರಿ ಮುಚ್ಚಿ ಮೆಟ್ಟಿಲು ಸರಿಪಡಿಸಿದರು. ಎಡವಿದವರ ಪೈಕಿ ಎಷ್ಟು ಮಂದಿ ಅಳತೆ ಟೇಪಿನೊಂದಿಗೆ ಹಿಂದಿರುಗಿರುತ್ತಾರೆ ಹೇಳಿ? ಎಡವಿದವರು ಮೊದಲು ಮಾಡುವ ಕೆಲಸ ಯಾರಾದರೂ ನೋಡಿದರೇ ಎಂದು ಸುತ್ತ ನೋಡುವುದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಕೆಟ್ಟ ಮೆಟ್ಟಿಲುಗಳು ದಶಕಗಟ್ಟಲೆ ಬದುಕಿರುವುದು ಈ ನಾಚಿಕೆಯ ನೆರಳಿನಲ್ಲೇ.

ಮೆಟ್ಟಿಲಿನ ಅಗಲದ, ಅಂದರೆ ಪಾದ ಊರುವ ಜಾಗದ ಹಿಂದು-ಮುಂದಿನ ಅಳತೆಯ, ವಿಷಯವೂ ಹೊಸದಲ್ಲ. ಏರಿನ ಎರಡರಷ್ಟಕ್ಕೆ ಅಗಲವನ್ನು ಕೂಡಿದರೆ ಮನುಷ್ಯನ ಒಂದು ಹೆಜ್ಜೆಯಷ್ಟು ಬರಬೇಕೆಂದು ಫ್ರಾನ್ಸಿನ ವಾಸ್ತುಶಿಲ್ಪಿ ಫ್ರಾಂಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲೇ ಲೆಕ್ಕ ಕೊಟ್ಟಿದ್ದ. ಇಂದಿನ ಅಳತೆಯಲ್ಲಿ ಅದು 600ರಿಂದ 640 ಮಿ.ಮೀ.; ಏರು 165, ಅಗಲ 290 ಇದ್ದರೆ 620, ಸುಖ. ಮುನ್ನೂರು ವರ್ಷ ಕಳೆದರೂ ಸುದ್ದಿ ಎಲ್ಲ ಗುತ್ತಿಗೆದಾರರಿಗೆ ತಲುಪಿಲ್ಲ. ಜಾಗ ಉಳಿಸಲು 220ಕ್ಕೆ ಇಳಿಸಿದ ಮೆಟ್ಟಿಲ ಮೇಲೆ ದೊಡ್ಡವರ ಪಾದ ಪೂರ್ತಿ ಕೂರುವುದಿಲ್ಲ, ಏಡಿಯಂತೆ ಓರೆಯಾಗಿ ಇಳಿಯಬೇಕು.

ಇನ್ನು ಅಲಂಕಾರ. ಉದ್ಘಾಟನೆಯ ಫೋಟೊದಲ್ಲಿ ಗಣ್ಯರ ಮುಖ ಮೆಟ್ಟಿಲಲ್ಲೂ ಕಾಣಲಿ ಎಂದು ಕನ್ನಡಿಯಂತೆ ಪಾಲಿಶ್ ಮಾಡಿದ ಗ್ರಾನೈಟ್. ಅದರ ಮೇಲೆ ನೀರಿನ ತೆಳು ಪದರ ನಿಂತರೆ ಅಂಟುವಾಳದ ನೊರೆಯೇ ಸರಿ. ಒರಟು ಮೇಲ್ಮೈಯ ಕಲ್ಲು ಬೇಕಿತ್ತು, ಅಂಚಿಗೆ ಎದ್ದು ಕಾಣುವ ಬೇರೆ ಬಣ್ಣದ 50 ಮಿ.ಮೀ. ಪಟ್ಟಿ ಬೇಕಿತ್ತು. ಪಟ್ಟಿ ಅಂಟಿಸುತ್ತಾರೆ, ಇಲ್ಲವೆನ್ನಲಾಗದು. ಆದರೆ ಅಂಚಿನಿಂದ ನಾಲ್ಕು ಬೆರಳು ಒಳಗೆ, ‘ನೋಡೋಕೆ ಚೆನ್ನಾಗಿರುತ್ತೆ’ ಎಂದು. ಕಣ್ಣು ಪಟ್ಟಿಯನ್ನೇ ಅಂಚೆಂದು ನಂಬುತ್ತದೆ, ಕಾಲು ಮೋಸ ಹೋಗುತ್ತದೆ. ಆರು ತಿಂಗಳಿಗೆ ಅದೇ ಪಟ್ಟಿಯ ಅಂಟು ಬಿಟ್ಟು, ತುದಿ ಮೇಲೆದ್ದು, ಹಿಮ್ಮಡಿಗೆ ಕೊಕ್ಕೆಯಾಗುತ್ತದೆ.

ಸುರಕ್ಷತೆಯ ಕೈಪಿಡಿ ಕಚೇರಿಯ ಕಪಾಟಿನಲ್ಲಿ ಭದ್ರವಾಗಿದೆ. ಮೆಟ್ಟಿಲಲ್ಲಿ ಹಿಡಿಯಲು ಕೈಪಿಡಿ ಇಲ್ಲ. ಇದ್ದರೆ ಒಂದಡಿ ಅಗಲದ ಕಲ್ಲಿನ ಕಟ್ಟೆ. ಅದರ ಮೇಲೆ ಹೂಕುಂಡ ಇಡಬಹುದು, ಬೀಳುವವರ ಬೆರಳು ಸುತ್ತಲಾರದು. ಕೈಗೆ ಬೇಕಿರುವುದು 32ರಿಂದ 50 ಮಿ.ಮೀ. ದಪ್ಪದ ದುಂಡು ಕೊಳವೆ, ಮೆಟ್ಟಿಲಂಚಿನಿಂದ ಸುಮಾರು 900 ಮಿ.ಮೀ. ಎತ್ತರದಲ್ಲಿ, ಗೋಡೆಯಿಂದ ಬೆರಳು ತೂರುವಷ್ಟು ದೂರದಲ್ಲಿ, ಕೊನೆಯ ಮೆಟ್ಟಿಲು ದಾಟಿ ಇನ್ನೊಂದು ಗೇಣು ಮುಂದಕ್ಕೆ. ನಮ್ಮ ಕೊಳವೆಗಳು ಎರಡು ಮೆಟ್ಟಿಲು ಇರುವಾಗಲೇ ಮುಗಿಯುತ್ತವೆ. ಇಲ್ಲಿಗೆ ಬಂದಿರಲ್ಲ, ಇನ್ನು ದೇವರಿದ್ದಾನೆ.

ದೀಪದ ಕಥೆ ಚಿಕ್ಕದು. ಬಲ್ಬು ಇಳಿಯುವವರ ಬೆನ್ನ ಹಿಂದೆ, ಅವರ ನೆರಳು ಅವರದೇ ಮೆಟ್ಟಿಲ ಮೇಲೆ. ಸ್ವಿಚ್ಚು ಒಂದೇ, ಅದೂ ಕೆಳಗೆ. ಮೆಟ್ಟಿಲುಸಾಲಿನ ನಡುವೆ ಮೇಲ್ಛಾವಣಿಗೆ ಹಾಕಿದ ಬಲ್ಬು ಸುಟ್ಟರೆ ಬದಲಿಸಲು ಏಣಿ ನಿಲ್ಲಿಸುವ ಸಮತಟ್ಟು ಜಾಗವಿಲ್ಲ, ಹಾಗಾಗಿ ಅದು ಸುಟ್ಟಂತೆಯೇ ಸೇವಾವಧಿ ಮುಗಿಸುತ್ತದೆ. ‘ಒದ್ದೆ ನೆಲ’ ಎನ್ನುವ ಹಳದಿ ಫಲಕವಂತೂ ವರ್ಷವಿಡೀ ಲ್ಯಾಂಡಿಂಗಿನ ನಟ್ಟನಡುವೆ ನಿಂತಿದೆ. ನೆಲ ಒಣಗಿದ ದಿನ ಎಡವಲು ಏನಾದರೂ ಬೇಕಲ್ಲ.

ದುರಸ್ತಿಯೂ ನಡೆಯುತ್ತದೆ. ಸವೆದ ಮೆಟ್ಟಿಲಿಗೆ 10 ಮಿ.ಮೀ. ಸಿಮೆಂಟು ಮೆತ್ತುತ್ತಾರೆ. ಅದರ ಏರು 10 ಹೆಚ್ಚಿತು, ಮುಂದಿನದು 10 ತಗ್ಗಿತು. ಅಕ್ಕಪಕ್ಕದಲ್ಲೇ 20ರ ವ್ಯತ್ಯಾಸ. ಒಂದು ತಪ್ಪಿಗೆ ಎರಡರ ಬಡ್ತಿ. ಹಾಸನ್ನು ಕಿತ್ತು, ಇಡೀ ಸಾಲಿಗೆ ಎತ್ತರವನ್ನು ಮತ್ತೆ ಹಂಚುವುದೇ ದಾರಿ.

ಕೆಟ್ಟ ಮೆಟ್ಟಿಲನ್ನು ಹಿಡಿಯಲು ಖರ್ಚಿಲ್ಲ. ಮೇಲಿನ ಲ್ಯಾಂಡಿಂಗಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೆಟ್ಟಿಲಂಚುಗಳೆಲ್ಲ ಒಂದೇ ಗೆರೆಗೆ ಬರುವವರೆಗೆ ಕಣ್ಣು ತಗ್ಗಿಸಿ ಕೆಳಗೆ ನೋಡಿದರೆ, ಸರಿಯಿಲ್ಲದ ಅಂಚು ಸಾಲು ತಪ್ಪಿ ತಾನಾಗಿ ಸಿಕ್ಕಿಬೀಳುತ್ತದೆ. ಸಮಿತಿಯವರು ಕೂರಲೊಪ್ಪುವುದಿಲ್ಲ, ಮಂಡಿನೋವು. ಬೋರ್ಡಿನ ದಿನ ಮಾತ್ರ ಎಲ್ಲರೂ ಹಾಜರ್. ನೆಲದಿಂದ 1500 ಮಿ.ಮೀ. ಟೇಪು ಹಿಡಿದು ಅಳೆದು, ರಸಮಟ್ಟದ ಗುಳ್ಳೆ ನಟ್ಟನಡುವಿಗೆ ಬರುವವರೆಗೆ ಎರಡು ಸಲ ಸರಿಸಿ, ನಾಲ್ಕೂ ಮೂಲೆಗೆ ಸ್ಕ್ರೂ ಬಿಗಿದರು. ಆ ಮೆಟ್ಟಿಲುಸಾಲಿನಲ್ಲಿ ಅಳತೆ ತಪ್ಪದೆ ಕೂತ ವಸ್ತು ಅದೊಂದೇ.