ಎಲ್ಲ ಮೋಡವೂ ಕಂಬಳಿಯಲ್ಲ

ಮೋಡದ ಬಗೆಗಿನ ನಿಮ್ಮ ಲೇಖನದಲ್ಲಿ ‘ಮೋಡ ಭೂಮಿಗೆ ಹೊದಿಸಿದ ಕಂಬಳಿ, ಜಾಸ್ತಿಯಾದಷ್ಟೂ ಸೆಕೆ’ ಎಂದು ಬರೆದಿದ್ದೀರಿ. ಮೇ ತಿಂಗಳ ರಾತ್ರಿ ಮಂಗಳೂರಿನಲ್ಲಿ ನಿದ್ದೆಗೆಟ್ಟವರಿಗೆ ಇದು ನಿಜ ಅನ್ನಿಸುತ್ತದೆ. ಆದರೆ ಎಲ್ಲ ಮೋಡಕ್ಕೂ ಈ ಮಾತು ಹೊಂದುವುದಿಲ್ಲ. ಡಿಸೆಂಬರ್ ಮಧ್ಯಾಹ್ನ ಮಲ್ಪೆ ಬೀಚಿನಲ್ಲಿ ನಿಂತು ನೋಡಿ. ಒಂದು ಸಣ್ಣ ಬಿಳಿ ಮೋಡ ಸೂರ್ಯನಿಗೆ ಅಡ್ಡ ಬಂದರೆ ಸಾಕು, ಕಾದ ಮರಳಿನ ಮೇಲೆ ನೆರಳು ಓಡುತ್ತದೆ, ಬೆನ್ನಿನ ಉರಿ ತಟ್ಟನೆ ಇಳಿಯುತ್ತದೆ.

ಉಷ್ಣವಲಯದ ಸಮುದ್ರಗಳ ಮೇಲೆ ಇಂಥ ಗಿಡ್ಡ ಮೋಡಗಳು ತುಂಬಾ ಸಾಮಾನ್ಯ. ಅವುಗಳ ತುದಿ 2–3 ಕಿಲೋಮೀಟರ್ ಎತ್ತರದಲ್ಲಿರುತ್ತದೆ ಅಷ್ಟೇ, ಸಮುದ್ರಕ್ಕಿಂತ ಬಹಳ ತಂಪಲ್ಲ. ಹಾಗಾಗಿ ಆ ತುದಿಯಿಂದಲೂ ಸಮುದ್ರದಿಂದ ಹೋಗುವಷ್ಟೇ ಶಾಖ ಹೆಚ್ಚುಕಮ್ಮಿ ಬಾಹ್ಯಾಕಾಶಕ್ಕೆ ಹೋಗುತ್ತದೆ, ಬಿಸಿಲನ್ನು ಮಾತ್ರ ಮೋಡ ವಾಪಸ್ ಕಳಿಸುತ್ತದೆ. ಶಾಖ ಹಿಡಿದಿಡುವುದು ಬಹಳ ಮೇಲಿನ ತೆಳು ಮೋಡಗಳು. ಎಲ್ಲ ಮೋಡ ಸೇರಿಸಿದರೆ ಚದರ ಮೀಟರಿಗೆ ಸುಮಾರು 20 ವ್ಯಾಟ್ ಲೆಕ್ಕದಲ್ಲಿ ಭೂಮಿ ತಂಪಾಗುತ್ತದೆ!

ಭೂಮಿಯ ಬಿಸಿ ಏರಿದಂತೆ ಈ ಗಿಡ್ಡ ಮೋಡಗಳು ಕರಗಿ, ಅವು ಕೊಡುವ ತಂಪೂ ಕಮ್ಮಿಯಾಗುತ್ತದಾ ಎನ್ನುವುದೇ ದೊಡ್ಡ ಪ್ರಶ್ನೆ ಅಲ್ವಾ? 2020ರಲ್ಲಿ ಕೆರಿಬಿಯನ್ ದ್ವೀಪ ಬಾರ್ಬಡೋಸ್ ಹತ್ತಿರ ವಿಮಾನ ಹಾರಿಸಿ ಅಳೆದ ವಿಜ್ಞಾನಿಗಳಿಗೆ, ಹವಾಮಾನ ಲೆಕ್ಕಹಾಕುವ ಕೆಲವು ಕಂಪ್ಯೂಟರ್ ಮಾದರಿಗಳು ಹೆದರಿಸಿದಷ್ಟು ಕರಗುವ ಲಕ್ಷಣ ಕಾಣಲಿಲ್ಲ. ಲೇಖನದಲ್ಲಿ ಇದು ಬರಲೇಬೇಕಿತ್ತು.