ಇದು ವಯಸ್ಸಾದವರ ಗೊಣಗಾಟ ಅಲ್ಲ

ಸಾಗರ, ಹೊಸನಗರ ಕಡೆ ಅರವತ್ತೈದು ದಾಟಿದ ಯಾರನ್ನೇ ಮಾತಾಡಿಸಿ. ಸ್ವಲ್ಪ ಹೊತ್ತಿಗೇ ಒಂದು ಮಾತು ಬರುತ್ತದೆ: "ಇನ್ನೇನು ಮಾರಾಯ, ನಮ್ಮದು ಮುಗೀತು ಬಿಡು." ಹಬ್ಬಕ್ಕೆ ಬಂದ ಮಕ್ಕಳು ಇದಕ್ಕೆ ಬಿಪಿ, ಶುಗರ್, ಒಂಟಿತನ ಅಂತ ಕಾರಣ ಹುಡುಕುತ್ತಾರೆ. ವಾಕಿಂಗ್ ಹೋಗಿ, ಧ್ಯಾನ ಮಾಡಿ ಅಂತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಹಳೇ ಕಾಲ ಹೋಯ್ತು ಅನ್ನೋದು ನಮ್ಮ ವಾರಗೆಯವರ ಬೇಸರ ಅಲ್ಲ. ಹಳೇ ಕಾಲ ಯಾರಿಗೆ ಬೇಕಿತ್ತು? ಒಡೆಯರ ಮನೆಗೆ ಗೇಣಿ ಅಳೆದು, ಉಳಿದದ್ದರಲ್ಲಿ ವರ್ಷ ದೂಡಿದವರ ಮಕ್ಕಳು ನಾವು. ಗೇಣಿದಾರರು ಒಡೆಯರ ವಿರುದ್ಧ ಎದ್ದ 1951ರ ಕಾಗೋಡು ಸತ್ಯಾಗ್ರಹದ ಕಥೆ ಕೇಳುತ್ತಾ ಬೆಳೆದೆವು. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು. ಈ ಭೂಮಿ ಉಳುವವರು ನಾವೇ ಅಂತ ಡಿಕ್ಲರೇಷನ್ ಅರ್ಜಿ ಹಾಕಿದ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಸರ್ಕಾರ ಕೊಡುವುದೂ ಉಂಟು ಅಂತ ಆಗ ಕಣ್ಣಾರೆ ಕಂಡೆವು. ಆಸೆ ಹುಟ್ಟಿದ್ದೇ ಅಲ್ಲಿ. ಆಸೆಯೇ ಇಲ್ಲದಿದ್ದರೆ ಇಷ್ಟು ನೋವೂ ಇರುತ್ತಿರಲಿಲ್ಲ.

ಶರಾವತಿ ಮುಳುಗಡೆಯವರನ್ನೇ ನೋಡಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಗದ್ದೆ, ತೋಟ, ಮನೆ ಎಲ್ಲ ನೀರಿಗೆ ಕೊಟ್ಟವರನ್ನು ಲಾರಿಯಲ್ಲಿ ತುಂಬಿ ತಂದು ಕಾಡಿನಲ್ಲಿ ಇಳಿಸಿದರು. ದಾಖಲೆಯಲ್ಲಿ ಆ ಜಾಗ ಕಾಡಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಕಾಡಿನ ಪಟ್ಟಿಯಿಂದ ಬಿಡಿಸಲು ಕೇಂದ್ರದ ಒಪ್ಪಿಗೆ ಬೇಕಾಯಿತು. ರಾಜ್ಯ ಸರ್ಕಾರ ಅದಿಲ್ಲದೆ ಆದೇಶ ಹೊರಡಿಸಿತು, 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಅಮ್ಮನ ಕಂಕುಳಲ್ಲಿ ಕೂತು ಲಾರಿ ಹತ್ತಿದ ಎಷ್ಟೋ ಜನ ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ, ಹಕ್ಕುಪತ್ರ ಕಂಡಿಲ್ಲ. ಇವರಿಗೆ ಪಾಸಿಟಿವ್ ಆಗಿರಿ ಅಂತ ಯಾವ ಮುಖ ಇಟ್ಟುಕೊಂಡು ಹೇಳುವುದು?

ಅದೇ ಶರಾವತಿ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. ಚೆಂದವೇ ಇದೆ, ಸಿಗಂದೂರಿಗೆ ಹೋಗುವವರು ಅದರ ಮೇಲೆ ನಿಂತು ಸೆಲ್ಫಿ ತೆಗೆಯುತ್ತಾರೆ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹಿನ್ನೀರಿನಾಚೆಯ ತುಮರಿ ಕಡೆಯ ಅಕ್ಕ ಒಬ್ಬರು ಹೇಳಿದರು: "ರಾತ್ರಿ ಹೆರಿಗೆ ನೋವು ಬಂದರೆ ಲಾಂಚ್ ಇರ್ತಿರಲಿಲ್ಲ. ಆಗ ಬೇಕಿತ್ತು ಇದು. ಈಗ ಮಕ್ಕಳೆಲ್ಲ ಆ ಕಡೆಯೇ ಇದ್ದಾರಲ್ಲ."

ಮಕ್ಕಳನ್ನು ಕಳಿಸಿದ್ದು ನೀವೇ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, ಕಳಿಸಿದೆವು. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋಯಿತು, ಕಬ್ಬಿಣದ್ದು ಕುಂಟುತ್ತಿದೆ, ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ. ಇಲ್ಲೇ ಇರು ಮಗಾ ಅನ್ನಲು ಬಾಯಿ ಬರಬೇಕಲ್ಲ.

ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಪ್ರಾಣಾಯಾಮದ ವಿಡಿಯೋ ತೋರಿಸಬೇಡಿ. ಅಪ್ಪನ ಟ್ರಂಕಿನಲ್ಲಿರುವ ಕಾಗದಗಳನ್ನು ತೆಗೆದು ಓದಿ. ಅರ್ಜಿ, ಹಿಂಬರಹ, ಮತ್ತೆ ಅರ್ಜಿ. ಆಮೇಲೆ ಆ ಕಟ್ಟು ಹಿಡಿದುಕೊಂಡು ತಾಲ್ಲೂಕು ಕಚೇರಿಗೆ ಒಂದು ಸಲ ನೀವೇ ಹೋಗಿ ನಿಲ್ಲಿ. ಬೆಳಿಗ್ಗೆಯೇ ಹೋಗಿ, ಊಟದ ಮೇಲೆ ಸಾಹೇಬರು ಸಿಗುವುದು ಕಷ್ಟ.